ವಿಮಾನದಲ್ಲಿ ‘ಎ’ ಸೀಟು ತಗೊಂಡ್ರೆ ಹಿಮಾಲಯ ಕಾಣೋದು ಗ್ಯಾರಂಟಿನಾ? ಕಿಟಕಿ ಸೀಟಿನ ಅಸಲಿ ಲೆಕ್ಕ ಇಲ್ಲಿದೆ

“ವಿಮಾನದಲ್ಲಿ ಸೀಟು ಬುಕ್ ಮಾಡುವಾಗ ಯಾವಾಗಲೂ ‘ಎ’ ಸೀಟನ್ನೇ ತಗೊಳ್ಳಿ. ಬೆಟ್ಟ, ಸಮುದ್ರ, ಸೂರ್ಯೋದಯ ಎಲ್ಲ ಆ ಕಡೆಗೇ ಕಾಣುತ್ತೆ. ಈ ಗುಟ್ಟು ವಿಮಾನ ಕಂಪನಿಗಳು ಹೇಳಲ್ಲ. ಎಲ್ಲರಿಗೂ ಶೇರ್ ಮಾಡಿ.”

ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡೋಕೆ ನಿರುಪದ್ರವಿ. ಇದರಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಆದರೆ ಕಿಟಕಿ ಸೀಟು ಈಗ ಬಿಟ್ಟಿ ಸಿಗುವುದು ಅಪರೂಪ. ಹೆಚ್ಚಿನ ಕಂಪನಿಗಳು ಅದಕ್ಕೆಂದೇ ಬೇರೆ ದುಡ್ಡು ಕೇಳುತ್ತವೆ. ಮೊದಲ ಸಲ ವಿಮಾನ ಹತ್ತುವ ಅಮ್ಮನಿಗೆ ಹಿಮಾಲಯ ತೋರಿಸಬೇಕೆಂದು ಹಣ ಕೊಟ್ಟು, ಎರಡೂವರೆ ಗಂಟೆ ಬರೀ ಮಬ್ಬು ಬಯಲು ತೋರಿಸಿ ಕರೆದುಕೊಂಡು ಬಂದರೆ ಬೇಸರವಾಗದೆ ಇರುತ್ತದೆಯೇ?

ನನಗೆ ಆಗಿದ್ದೂ ಅದೇ. ಉತ್ತರ ಬಂಗಾಳದ ಬಾಗ್‌ಡೋಗ್ರಾಕ್ಕೆ ಹೋಗುವಾಗ ‘ಎ’ ಸೀಟಿನಲ್ಲಿ ಕೂತು ಹಿಮದ ಸಾಲು ನೋಡಿದ್ದೆ. ಬರುವಾಗಲೂ ಅದೇ ‘ಎ’ ಸೀಟನ್ನು ಹುಡುಕಿ ತೆಗೆದುಕೊಂಡೆ. ಅತ್ತಲಿನ ಸಾಲಿನವರು ಕಿಟಕಿಗೆ ಮೂಗು ಒತ್ತಿ “ಅಲ್ಲಿ ನೋಡು, ಅಲ್ಲಿ ನೋಡು” ಎನ್ನುತ್ತಿದ್ದರೆ, ನಾನು ಈ ಕಡೆ ಮೋಡ ಎಣಿಸುತ್ತಿದ್ದೆ. ತಪ್ಪು ವಿಮಾನದ್ದಲ್ಲ, ನನ್ನದೇ. ಬೆಟ್ಟ ಇದ್ದಲ್ಲೇ ಇತ್ತು, ವಿಮಾನ ತಿರುಗಿತ್ತು!

ಹಾಗಾದರೆ ‘ಎ’ ಅಂದರೆ ಏನು?

ವಿಮಾನದ ಮೂತಿಯ ಕಡೆಗೆ ಮುಖ ಮಾಡಿ ಕೂತಾಗ ನಿಮ್ಮ ಎಡಗಡೆಯ ಕಿಟಕಿ ಸೀಟು ‘ಎ’. ಅಷ್ಟೇ. ನಮ್ಮ ದೇಶದೊಳಗೆ ಹೆಚ್ಚಾಗಿ ಓಡಾಡುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ವಿಮಾನಗಳಲ್ಲಿ ಒಂದು ಸಾಲಿಗೆ ಆರು ಸೀಟು. ಎ, ಬಿ, ಸಿ ಎಡಕ್ಕೆ, ನಡುವೆ ಓಡಾಡುವ ದಾರಿ, ಆಮೇಲೆ ಡಿ, ಇ, ಎಫ್ ಬಲಕ್ಕೆ. ಹಾಗಾಗಿ ಬಲಗಡೆಯ ಕಿಟಕಿ ‘ಎಫ್’. ವಿದೇಶಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ ಬಲಗಡೆಯ ಕಿಟಕಿ ಸಾಮಾನ್ಯವಾಗಿ ‘ಕೆ’. ನಡುವೆ ‘ಐ’ ಅಕ್ಷರವನ್ನು ಬಿಟ್ಟುಬಿಡುತ್ತಾರೆ, ಯಾಕೆಂದರೆ ಇಂಗ್ಲಿಷಿನ ಆ ಅಕ್ಷರ ಒಂದು ಎಂಬ ಅಂಕೆಯಂತೆಯೇ ಕಾಣಿಸಿ ಗೊಂದಲವಾಗುತ್ತದೆ.

ಅಂದರೆ ಅಕ್ಷರ ಹೇಳುವುದು ಎಡವೋ ಬಲವೋ ಎಂಬುದನ್ನು ಮಾತ್ರ. ಆ ಎಡ ಯಾವ ದಿಕ್ಕು ಎಂಬುದನ್ನು ಹೇಳುವುದು ವಿಮಾನ ಹೋಗುತ್ತಿರುವ ದಾರಿ. ಉತ್ತರಕ್ಕೆ ಹೋಗುತ್ತಿದ್ದರೆ ಎಡ ಪಶ್ಚಿಮ, ಬಲ ಪೂರ್ವ. ದಕ್ಷಿಣಕ್ಕೆ ಹೋಗುವಾಗ ಇದು ಪೂರ್ತಿ ಉಲ್ಟಾ. ಪೂರ್ವಕ್ಕೆ ಹೋಗುವಾಗ ಎಡ ಉತ್ತರ, ಪಶ್ಚಿಮಕ್ಕೆ ಹೋಗುವಾಗ ಎಡ ದಕ್ಷಿಣ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೊಬೈಲಿನಲ್ಲಿ ಮ್ಯಾಪ್ ತೆರೆಯಿರಿ, ಹೊರಡುವ ಊರಿನಿಂದ ತಲುಪುವ ಊರಿನ ಕಡೆಗೆ ಫೋನಿನ ಮೇಲಂಚು ಬರುವಂತೆ ಮ್ಯಾಪನ್ನು ಎರಡು ಬೆರಳಿನಿಂದ ತಿರುಗಿಸಿ. ಈಗ ಪರದೆಯ ಎಡಭಾಗದಲ್ಲಿ ಏನಿದೆಯೋ ಅದು ‘ಎ’ ಸೀಟಿನವರ ಪಾಲು, ಬಲಭಾಗದಲ್ಲಿ ಇರುವುದು ‘ಎಫ್’ ಸೀಟಿನವರ ಪಾಲು.

ಹಿಮಾಲಯ: ಎಲ್ಲಿಂದ, ಎಷ್ಟು ಕಾಣುತ್ತದೆ?

ದೆಹಲಿಯಿಂದ ಕಠ್ಮಂಡುವಿಗೋ, ಬಾಗ್‌ಡೋಗ್ರಾಕ್ಕೋ, ಗುವಾಹಟಿಗೋ ಹೋಗುವ ವಿಮಾನ ಪೂರ್ವದ ಕಡೆಗೆ ಸಾಗುತ್ತದೆ. ಹಿಮಾಲಯ ಉತ್ತರಕ್ಕಿದೆ. ಹಾಗಾಗಿ ಹೋಗುವಾಗ ಎಡಗಡೆ, ಅಂದರೆ ‘ಎ’. ಹಿಂದಿರುಗುವಾಗ ಬಲಗಡೆ, ಅಂದರೆ ‘ಎಫ್’. ಫಾರ್ವರ್ಡ್ ಸಂದೇಶ ಹುಟ್ಟಿದ್ದು ಬಹುಶಃ ಇಂಥ ಯಾವುದೋ ಒಂದು ಪ್ರಯಾಣದಿಂದಲೇ ಇರಬೇಕು. ಒಂದು ದಾರಿಯಲ್ಲಿ, ಒಂದು ದಿಕ್ಕಿನಲ್ಲಿ ನಿಜವಾದದ್ದು ಶೇರ್ ಆಗುತ್ತಾ ಆಗುತ್ತಾ “ಯಾವಾಗಲೂ” ಆಗಿಬಿಟ್ಟಿದೆ.

ಬೆಂಗಳೂರಿನಿಂದ ನೇರ ಬಾಗ್‌ಡೋಗ್ರಾಕ್ಕೆ ಹೋಗುವವರಿಗೂ ಎಡಗಡೆಯೇ ವಾಸಿ. ವಿಮಾನ ಈಶಾನ್ಯ ದಿಕ್ಕಿಗೆ ಹೋಗುತ್ತಿರುತ್ತದೆ, ಬೆಟ್ಟಗಳು ಮುಂದೆ ಮತ್ತು ಎಡಕ್ಕೆ ತೆರೆದುಕೊಳ್ಳುತ್ತವೆ. ಕೊನೆಯ ಅರ್ಧ ಗಂಟೆಯಲ್ಲಿ ಕಣ್ಣು ಮುಚ್ಚಬೇಡಿ. ಜಗತ್ತಿನ ಮೂರನೇ ಎತ್ತರದ ಶಿಖರ ಕಾಂಚನಜುಂಗಾ (8,586 ಮೀಟರ್) ಬಾಗ್‌ಡೋಗ್ರಾ ವಿಮಾನ ನಿಲ್ದಾಣದಿಂದ ನೇರ ರೇಖೆಯಲ್ಲಿ ಸುಮಾರು 115 ಕಿಲೋಮೀಟರ್ ದೂರದಲ್ಲಿದೆ. ಎವರೆಸ್ಟ್ ಸುಮಾರು 200 ಕಿಲೋಮೀಟರ್. ಆಕಾಶ ತಿಳಿಯಾಗಿದ್ದ ದಿನ ಕಾಂಚನಜುಂಗಾವನ್ನು ಬೇರೆ ಯಾವ ಶಿಖರದ ಜೊತೆಗೂ ಗೊಂದಲ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ, ಅಷ್ಟು ದೊಡ್ಡದಾಗಿ ನಿಂತಿರುತ್ತದೆ.

“ಬೆಂಗಳೂರು–ದೆಹಲಿ ವಿಮಾನದಲ್ಲಿ ಬಲಗಡೆ ಕೂತರೆ ಹಿಮಾಲಯ ಕಾಣುತ್ತದಂತೆ” ಎಂದು ಕೇಳುವವರೂ ಇದ್ದಾರೆ. ಇದರಲ್ಲಿ ಲೆಕ್ಕದ ಪ್ರಕಾರ ಸತ್ಯವಿದೆ, ಅನುಭವದ ಪ್ರಕಾರ ಕಡಿಮೆ. ವಿವರಿಸುತ್ತೇನೆ.

ಭೂಮಿ ಗುಂಡಗಿರುವುದರಿಂದ ನಾವು ಎತ್ತರಕ್ಕೆ ಹೋದಷ್ಟೂ ದಿಗಂತ ದೂರ ಸರಿಯುತ್ತದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. 35,000 ಅಡಿ ಎಂದರೆ ಸುಮಾರು 10,700 ಮೀಟರ್. ಅದರ ವರ್ಗಮೂಲ ಸುಮಾರು 103. ಗುಣಿಸಿದರೆ ಸುಮಾರು 370 ಕಿಲೋಮೀಟರ್! ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 300 ಕಿಲೋಮೀಟರ್. ಅಂದರೆ ಅಷ್ಟೆತ್ತರದಲ್ಲಿ ಬೆಂಗಳೂರಿನ ಮೇಲಿದ್ದಾಗ ಮಂಗಳೂರಿನ ಕಡಲು ದಿಗಂತದ ಒಳಗೇ ಇರುತ್ತದೆ. ನೀವು ನೋಡುತ್ತಿರುವುದು ನೆಲವಲ್ಲ, ಎತ್ತರದ ಶಿಖರವಾಗಿದ್ದರೆ ಅದು ಇನ್ನೂ ದೂರದಿಂದ ಕಾಣಬೇಕು. ಶಿಖರದ ತುದಿ ದಿಗಂತದಾಚೆಯಿಂದ ಮೇಲಕ್ಕೆ ಇಣುಕುತ್ತದೆಯಲ್ಲ?

ದೆಹಲಿ ವಿಮಾನ ನಿಲ್ದಾಣದಿಂದ ನಂದಾದೇವಿ ಶಿಖರ (7,816 ಮೀಟರ್) ಸುಮಾರು 340 ಕಿಲೋಮೀಟರ್. ಲೆಕ್ಕಕ್ಕೆ ಆರಾಮಾಗಿ ಸಿಗುತ್ತದೆ. ಆದರೆ ಆ 340 ಕಿಲೋಮೀಟರಿನ ನಡುವೆ ಗಾಳಿ ಇದೆ, ಗಾಳಿಯಲ್ಲಿ ಧೂಳು, ಹೊಗೆ, ತೇವಾಂಶ ಇದೆ. ಉತ್ತರ ಭಾರತದ ಬಯಲಿನ ಮೇಲೆ ಬೇಸಿಗೆಯಲ್ಲಿ ಧೂಳು, ಚಳಿಗಾಲದಲ್ಲಿ ಹೊಗೆ ಮತ್ತು ಮಂಜು ದಟ್ಟವಾಗಿ ಕೂತಿರುತ್ತವೆ. ವಿಮಾನ ದೆಹಲಿ ಹತ್ತಿರ ಬರುವಾಗ ಕೆಳಗಿಳಿದು ಅದೇ ಮಬ್ಬಿನೊಳಗೆ ಹೊಕ್ಕಿರುತ್ತದೆ. ಮಳೆ ಬಂದು ಗಾಳಿ ತೊಳೆದಂತಾದ ಮರುದಿನ ಬಲಗಡೆ ಮುಂದಕ್ಕೆ ಕತ್ತು ಚಾಚಿದರೆ ಬಿಳಿ ಗೆರೆಯೊಂದು ಕಂಡರೂ ಕಾಣಬಹುದು. ಅದಕ್ಕೆಂದು ಹೆಚ್ಚುವರಿ ಹಣ ಕೊಡುವುದು ನನ್ನ ಪ್ರಕಾರ ಬೇಡ.

ಹಿಮಾಲಯಕ್ಕೆ ಒಳ್ಳೆಯ ಕಾಲ ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್, ನವೆಂಬರ್. ಜುಲೈನಲ್ಲಿ ಯಾವ ಬದಿ ಕೂತರೂ ಮೋಡವೇ.

ಲೇಹ್‌ಗೆ ಹೋಗುವವರ ಕಥೆ ಬೇರೆ. ದೆಹಲಿಯಿಂದ ಲೇಹ್ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ವಿಮಾನ ಬೆಟ್ಟಗಳ ಮೇಲೆಯೇ ಹಾರಿ ಸುಮಾರು 3,250 ಮೀಟರ್ ಎತ್ತರದ ನಿಲ್ದಾಣದಲ್ಲಿ ಇಳಿಯುತ್ತದೆ. ಎರಡೂ ಬದಿಯಲ್ಲಿ ಬೆಟ್ಟ. ಹಾಗಾದರೆ ಯಾವ ಬದಿ? ಇಲ್ಲಿ ನಿರ್ಧರಿಸುವವನು ಸೂರ್ಯ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುವುದರಿಂದ ಲೇಹ್ ವಿಮಾನಗಳು ಸಾಮಾನ್ಯವಾಗಿ ಬೆಳಿಗ್ಗೆಯೇ ಹಾರುತ್ತವೆ. ಬೆಳಗಿನ ಸೂರ್ಯ ಪೂರ್ವಕ್ಕೆ, ಅಂದರೆ ಬಲಗಡೆ. ಬಲಗಡೆ ಕೂತರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಬೆಟ್ಟಗಳ ನೆರಳಿನ ಮುಖ ನಿಮ್ಮ ಕಡೆಗಿರುತ್ತದೆ. ಎಡಗಡೆ ಕೂತರೆ ಸೂರ್ಯ ನಿಮ್ಮ ಬೆನ್ನಿಗೆ, ಬೆಳಕು ಬಿದ್ದ ಹಿಮದ ಮುಖ ನಿಮ್ಮ ಎದುರಿಗೆ.

ಬಿಸಿಲಿನ ಬದಿಯೋ, ನೆರಳಿನ ಬದಿಯೋ?

ಲೇಹ್‌ನಲ್ಲಿ ಹೇಳಿದ್ದೇ ಹೆಚ್ಚಿನ ಕಡೆ ಅನ್ವಯಿಸುತ್ತದೆ. ಸೂರ್ಯ ಇರುವ ಬದಿಯ ಕಿಟಕಿಯಲ್ಲಿ ಗಾಜಿನ ಮೇಲಿನ ಒಂದೊಂದು ಗೀರೂ, ಬೆರಳ ಗುರುತೂ ಹೊಳೆಯುತ್ತದೆ, ಫೋಟೋ ಬೆಳ್ಳಗಾಗುತ್ತದೆ. ನೆರಳಿನ ಬದಿಯಲ್ಲಿ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಸೆಕೆಯೂ ಇಲ್ಲ.

ನೆರಳಿನ ಬದಿಯವರಿಗೆ ಇನ್ನೊಂದು ಉಡುಗೊರೆ ಇದೆ. ವಿಮಾನ ಮೋಡಗಳ ಮೇಲೆ ಹಾರುವಾಗ ಅದರ ನೆರಳು ಸೂರ್ಯನ ಎದುರು ದಿಕ್ಕಿನ ಮೋಡದ ಮೇಲೆ ಬೀಳುತ್ತದೆ. ಆ ನೆರಳಿನ ಸುತ್ತ ಪುಟ್ಟ ಬಣ್ಣದ ಬಳೆಯೊಂದು ಕಾಣುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಗ್ಲೋರಿ’ ಎನ್ನುತ್ತಾರೆ. ಮೋಡದ ಸಣ್ಣ ಸಣ್ಣ ನೀರ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಕ್ಕೆ ಚದುರಿಸುವುದರಿಂದ ಆಗುವುದಿದು. ಕಾಮನಬಿಲ್ಲಿನ ದೂರದ ನೆಂಟ, ಆದರೆ ಅದಕ್ಕಿಂತ ತುಂಬ ಚಿಕ್ಕದು, ಪೂರ್ತಿ ದುಂಡಗಿನದು. ಇದರ ಫೋಟೋ ಹಾಕಿ “ಆಕಾಶದಲ್ಲಿ ಕಂಡ ದೈವೀ ಪ್ರಭೆ” ಎಂದು ಯಾರಾದರೂ ಕಳಿಸಿದರೆ, ಅವರು ನೆರಳಿನ ಬದಿಯಲ್ಲಿ ಕೂತಿದ್ದರು ಎಂದು ತಿಳಿಯಿರಿ. ಮಳೆಗಾಲದಲ್ಲಿ ಬೆಟ್ಟ, ಕಡಲು ಏನೂ ಕಾಣದಿದ್ದಾಗ ಇದೊಂದು ಸಮಾಧಾನ.

ಬಿಸಿಲಿನ ಬದಿಯವರಿಗೂ ಒಂದು ಇದೆ ಅನ್ನಿ. ನಮ್ಮ ಬಯಲುಸೀಮೆಯ ಮೇಲೆ ಹಾರುವಾಗ ಕೆಳಗೆ ಕೆರೆಗಳು ಒಂದೊಂದಾಗಿ ಫಳ್ಳನೆ ಹೊಳೆದು ಆರುತ್ತವೆ. ಸೂರ್ಯ, ನೀರು, ನಿಮ್ಮ ಕಣ್ಣು ಸರಿಯಾದ ಕೋನಕ್ಕೆ ಬಂದ ಕ್ಷಣ ಮಾತ್ರ ಆ ಹೊಳಪು. ಕೋಲಾರ, ತುಮಕೂರು ಕಡೆಯಲ್ಲಿ ಎಷ್ಟು ಕೆರೆಗಳಿವೆ ಎಂಬುದು ಹೀಗೆ ನೋಡಿದಾಗಲೇ ಅರ್ಥವಾಗುವುದು. ನೀರಿದ್ದ ವರ್ಷ ಮಾತ್ರ.

ಸೂರ್ಯೋದಯ, ಸೂರ್ಯಾಸ್ತವನ್ನೇ ನೋಡಬೇಕು ಎನ್ನುವವರು ನೆರಳಿನ ಬದಿಗೆ ಕೂರಬಾರದು, ಅದು ಹೇಳಬೇಕಾಗಿಲ್ಲ. ನಸುಕಿನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ಬಲಗಡೆ, ಸಂಜೆ ದೆಹಲಿಯಿಂದ ಬರುವಾಗಲೂ ಬಲಗಡೆ. ಎರಡೂ ಸಲ ‘ಎಫ್’! ಬೆಂಗಳೂರಿನಿಂದ ದುಬೈಗೆ ಸಂಜೆ ಹೊರಡುವವರು ಎಡಗಡೆ ತೆಗೆದುಕೊಳ್ಳಿ. ದುಬೈ ನಮಗೆ ವಾಯವ್ಯಕ್ಕಿದೆ, ಮುಳುಗುವ ಸೂರ್ಯ ಮೂತಿಯಿಂದ ಸ್ವಲ್ಪ ಎಡಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಇನ್ನೂ ಎಡಕ್ಕೆ, ಜೂನಿನಲ್ಲಿ ಹೆಚ್ಚುಕಡಿಮೆ ನೇರ ಮುಂದೆ, ಅಂದರೆ ಪೈಲಟ್‌ಗೆ ಮಾತ್ರ. ಈ ದಾರಿಯಲ್ಲಿ ಒಂದು ತಮಾಷೆ ಇದೆ. ನಮ್ಮ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ವಿಮಾನ ಅದಕ್ಕೆ ಎದುರಾಗಿ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಹಾಗಾಗಿ ಸೂರ್ಯ ಮುಳುಗುವ ವೇಗ ನಿಮ್ಮ ಕಣ್ಣಿಗೆ ಸುಮಾರು ಅರ್ಧಕ್ಕಿಳಿಯುತ್ತದೆ, ಮುಸ್ಸಂಜೆಯ ಕೆಂಪು ಮನೆಯಲ್ಲಿ ನೋಡುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಉಳಿಯುತ್ತದೆ.

ನಂದಿಬೆಟ್ಟ ಯಾವ ಕಡೆ?

ಇದಕ್ಕೆ ಉತ್ತರ ತಿಂಗಳ ಮೇಲೆ ಹೋಗುತ್ತದೆ ಎಂದರೆ ನಂಬುತ್ತೀರಾ?

ಬೆಂಗಳೂರು ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ನಂದಿಬೆಟ್ಟ (1,478 ಮೀಟರ್) ನಿಲ್ದಾಣಕ್ಕೆ ಉತ್ತರದಲ್ಲಿ, ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ನಗರ ಇರುವುದು ದಕ್ಷಿಣಕ್ಕೆ. ವಿಮಾನಗಳು ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರಬೇಕು, ಆಗ ರೆಕ್ಕೆಗೆ ಕಡಿಮೆ ಓಟದಲ್ಲೇ ಬೇಕಾದಷ್ಟು ಎತ್ತುವ ಬಲ ಸಿಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ, ನಂದಿಬೆಟ್ಟ ಬಲಕ್ಕೆ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ, ವಿಮಾನ ಪೂರ್ವಕ್ಕೆ ಏರುತ್ತದೆ, ನಂದಿಬೆಟ್ಟ ಎಡಕ್ಕೆ. ರಾತ್ರಿ ಹೊತ್ತು ನಗರದ ದೀಪಗಳನ್ನು ನೋಡಬೇಕೆಂದಿದ್ದರೆ ಇದನ್ನೇ ಉಲ್ಟಾ ಮಾಡಿಕೊಳ್ಳಿ. ಏರಿದ ಮೇಲೆ ವಿಮಾನ ತಾನು ಹೋಗಬೇಕಾದ ದಿಕ್ಕಿಗೆ ತಿರುಗಿಕೊಳ್ಳುತ್ತದೆ, ಆಗ ಎಲ್ಲ ಲೆಕ್ಕ ಬದಲಾಗುತ್ತದೆ. ಮೊದಲ ಎರಡು ಮೂರು ನಿಮಿಷದ ಮಾತಿದು.

ಮುಂಬೈಯಲ್ಲೂ ಹೆಚ್ಚಿನ ದಿನ ವಿಮಾನಗಳು ಪಶ್ಚಿಮಕ್ಕೆ, ಅಂದರೆ ಕಡಲಿನ ಕಡೆಗೆ ಏರುತ್ತವೆ. ಎಡಗಡೆ ಕೂತವರಿಗೆ ದಕ್ಷಿಣ ಮುಂಬೈನ ಕಡೆಯ ಕರಾವಳಿ ಸಿಗುತ್ತದೆ.

ಕಡಲು ನೋಡುವವರು ಮಾಡುವ ತಪ್ಪು

“ಕಡಲು ಪಶ್ಚಿಮಕ್ಕಿದೆ, ಹಾಗಾಗಿ ಪಶ್ಚಿಮದ ಕಿಟಕಿ” ಎಂದುಕೊಳ್ಳುವುದು ಸಹಜ. ಆದರೆ ಹತ್ತು ಸಾವಿರ ಮೀಟರ್ ಎತ್ತರದಿಂದ ಬರೀ ಕಡಲು ಎಂದರೆ ನೀಲಿ ಬಟ್ಟೆ ಹಾಸಿದಂತೆ, ಐದು ನಿಮಿಷಕ್ಕೆ ಸಾಕಾಗುತ್ತದೆ. ಚೆಂದ ಇರುವುದು ಕಡಲು ಮತ್ತು ನೆಲ ಸೇರುವ ಅಂಚಿನಲ್ಲಿ. ಆ ಅಂಚು ನಿಮ್ಮ ಯಾವ ಬದಿಗಿದೆ ಎಂಬುದು ಮುಖ್ಯ. ವಿಮಾನ ನೆಲದ ಮೇಲೆ ಹಾರುತ್ತಿದ್ದರೆ ಕಡಲಿನ ಬದಿಯ ಕಿಟಕಿ ಬೇಕು, ಕಡಲಿನ ಮೇಲೆ ಹಾರುತ್ತಿದ್ದರೆ ನೆಲದ ಬದಿಯ ಕಿಟಕಿ ಬೇಕು.

ಮುಂಬೈಯಿಂದ ಮಂಗಳೂರಿಗೆ ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿ. ಗೆರೆ ಹೆಚ್ಚಾಗಿ ಕರಾವಳಿಗಿಂತ ಸ್ವಲ್ಪ ಒಳಗೆ, ನೆಲದ ಮೇಲೆ ಹೋಗುತ್ತದೆ. ಗೋವಾ, ಕಾರವಾರದ ಬಳಿ ಹತ್ತಿಪ್ಪತ್ತು ಮೂವತ್ತು ಕಿಲೋಮೀಟರ್ ಒಳಗೆ, ಮುರುಡೇಶ್ವರದ ಹತ್ತಿರ ಬಹುತೇಕ ದಡದ ಮೇಲೆಯೇ. ಹಾಗಾಗಿ ದಕ್ಷಿಣಕ್ಕೆ ಬರುವಾಗ ಬಲಗಡೆಯವರಿಗೆ ಕೊಂಕಣದಿಂದ ಉಡುಪಿಯವರೆಗೆ ದಡ, ನದಿಗಳ ಅಳಿವೆಗಳು ಸಾಲಾಗಿ ಸಿಗುತ್ತವೆ. ಮುಂಬೈಗೆ ಹೋಗುವಾಗ ಅದೇ ದೃಶ್ಯಕ್ಕೆ ಎಡಗಡೆ ಕೂರಬೇಕು.

ಬೆಂಗಳೂರು–ಮಂಗಳೂರು ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮ. ಇಲ್ಲಿ ನೋಡಬೇಕಾದದ್ದು ಕಡಲಿಗಿಂತ ಹೆಚ್ಚಾಗಿ ಘಟ್ಟ. ಒಣ ಬಯಲು ಹಸಿರಾಗುತ್ತಾ ಬಂದು, ಕಾಫಿ ತೋಟಗಳ ಸೀಮೆ ದಾಟಿ, ಒಮ್ಮೆಲೇ ನೆಲ ಕೆಳಕ್ಕೆ ಬೀಳುವುದು ಎರಡೂ ಬದಿಯವರಿಗೂ ಕಾಣುತ್ತದೆ. ಕುದುರೆಮುಖದ ಸಾಲು ಬಲಕ್ಕೆ, ಪುಷ್ಪಗಿರಿಯ ಕಡೆಯ ಬೆಟ್ಟಗಳು ಎಡಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಕಡೆ ಮೋಡವೇ ಹೆಚ್ಚು.

ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ತುಂಗಭದ್ರಾ ಜಲಾಶಯ ಬಲಕ್ಕೆ ಬರುತ್ತದೆ. ಜಲಾಶಯ ತುಂಬಿದ್ದ ಕಾಲದಲ್ಲಿ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲದಷ್ಟು ದೊಡ್ಡದು.

ಇಲ್ಲೆಲ್ಲ “ನೇರ ಗೆರೆ” ಎಂದಿದ್ದೇನೆ. ನಿಜವಾದ ವಿಮಾನ ಗೆರೆಯ ಮೇಲೆಯೇ ಹೋಗುವುದಿಲ್ಲ. ವಾಯುಮಾರ್ಗಗಳಿವೆ, ಗುಡುಗು ಮೋಡ ಬಂದರೆ ಬಳಸಿ ಹೋಗುತ್ತಾರೆ. ನಿಮ್ಮ ವಿಮಾನದ ನಂಬರನ್ನು ಫ್ಲೈಟ್‌ರಾಡಾರ್24ನಂಥ ಆ್ಯಪ್‌ನಲ್ಲಿ ಹಾಕಿದರೆ ಹಿಂದಿನ ಕೆಲವು ದಿನ ಅದು ಹೋದ ದಾರಿ ಕಾಣುತ್ತದೆ. ಸೀಟಿಗೆ ದುಡ್ಡು ಕೊಡುವ ಮುಂಚೆ ಅದನ್ನೊಮ್ಮೆ ನೋಡಿ.

ಬದಿ ಸರಿ, ಸಾಲು ಯಾವುದು?

ಎ320, 737 ಎರಡರಲ್ಲೂ ರೆಕ್ಕೆ ಕಿಟಕಿಗಿಂತ ಕೆಳಗೆ, ಒಡಲಿನ ನಡುಭಾಗದಲ್ಲಿದೆ. ನಡುವಿನ ಸಾಲುಗಳಲ್ಲಿ ಕೂತವರಿಗೆ ಕೆಳಗೆ ನೋಡಿದರೆ ರೆಕ್ಕೆಯೇ. ರೆಕ್ಕೆಗಿಂತ ಮುಂದಿನ ಸಾಲು ಸಿಕ್ಕರೆ ಒಳ್ಳೆಯದು. ಹಿಂದಿನ ಸಾಲುಗಳೂ ಆಗಬಹುದು, ಆದರೆ ಎಂಜಿನ್ ಬಿಡುವ ಬಿಸಿ ಗಾಳಿ ಆ ಕಿಟಕಿಗಳ ಮುಂದೆಯೇ ಹಾಯುವುದರಿಂದ ದೃಶ್ಯ ಒಲೆಯ ಮೇಲಿನ ಗಾಳಿಯಂತೆ ಸ್ವಲ್ಪ ನಡುಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಫೋಟೋ ಜೂಮ್ ಮಾಡಿದಾಗ ಗೊತ್ತಾಗುತ್ತದೆ.

ಸಣ್ಣ ಊರುಗಳಿಗೆ ಹೋಗುವ ಫ್ಯಾನಿನ ವಿಮಾನ ಎಟಿಆರ್ ಬಂದರೆ ಮೂಗು ಮುರಿಯಬೇಡಿ. ದೃಶ್ಯ ನೋಡಲು ಅದಕ್ಕಿಂತ ಒಳ್ಳೆಯ ವಿಮಾನ ನಮ್ಮ ಕಡೆ ಇಲ್ಲ. ಅದರ ರೆಕ್ಕೆ ಒಡಲಿನ ಮೇಲೆ ಇದೆ, ಕಿಟಕಿಗಳು ರೆಕ್ಕೆಯ ಕೆಳಗೆ. ಅದು 25,000 ಅಡಿಗಿಂತ ಮೇಲೆ ಹಾರುವುದೂ ಇಲ್ಲ, ಹಾಗಾಗಿ ಊರು, ಹೊಳೆ, ತೋಟ ಎಲ್ಲ ಹತ್ತಿರ.

ಇನ್ನೊಂದು ಮೋಸ ಇದೆ. ಬೋಯಿಂಗ್ 737ರಲ್ಲಿ ಎಡಬದಿಯಲ್ಲಿ, ರೆಕ್ಕೆಯ ಸ್ವಲ್ಪ ಮುಂದೆ, ಒಂದು ಕಡೆ ಕಿಟಕಿ ಇರಬೇಕಾದ ಜಾಗದಲ್ಲಿ ಬರೀ ಗೋಡೆ ಇರುತ್ತದೆ. ಹೊಟ್ಟೆಯ ಭಾಗದ ಎಸಿ ಯಂತ್ರದಿಂದ ತಂಪು ಗಾಳಿಯನ್ನು ಚಾವಣಿಗೆ ಒಯ್ಯುವ ಕೊಳವೆ ಆ ಗೋಡೆಯೊಳಗಿದೆ. ಸೀಟುಗಳ ಅಂತರ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಇದು ಒಂದು ಕಡೆ 10ನೇ ಸಾಲಿಗೆ ಬಂದರೆ ಇನ್ನೊಂದು ಕಡೆ 11ಕ್ಕೋ 12ಕ್ಕೋ ಬರುತ್ತದೆ. ಕಿಟಕಿ ಸೀಟಿಗೆ ಹಣ ತೆಗೆದುಕೊಂಡು ಗೋಡೆ ಪಕ್ಕ ಕೂರಿಸಿದರೆಂದು 2025ರಲ್ಲಿ ಅಮೆರಿಕದಲ್ಲಿ ಪ್ರಯಾಣಿಕರು ಎರಡು ದೊಡ್ಡ ವಿಮಾನ ಕಂಪನಿಗಳ ಮೇಲೆ ಕೋರ್ಟಿಗೂ ಹೋಗಿದ್ದಾರೆ. ನಮ್ಮಲ್ಲಿ ಆಕಾಸ ಏರ್, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಪೈಸ್‌ಜೆಟ್‌ಗಳು 737 ಹಾರಿಸುತ್ತವೆ. ಅಂಥ ವಿಮಾನವಾದರೆ 9ರಿಂದ 12ನೇ ಸಾಲಿನವರೆಗಿನ ‘ಎ’ ಸೀಟನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ.

11ಎ ‘ಅದೃಷ್ಟದ ಸೀಟು’ ಎಂಬ ಫಾರ್ವರ್ಡ್

ಸೀಟಿನ ಮಾತು ಬಂದಾಗ ಇದನ್ನು ಹೇಳದೆ ಬಿಡುವ ಹಾಗಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಬಿದ್ದಾಗ ಅದರಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ಅವರು ಕೂತಿದ್ದದ್ದು 11ಎ. ಅಂದಿನಿಂದ “11ಎ ಬುಕ್ ಮಾಡಿ, ಅದೇ ಸೇಫ್” ಎಂಬ ಸಂದೇಶಗಳು ಓಡಾಡುತ್ತಿವೆ.

ಆ ವಿಮಾನದಲ್ಲಿ 11ಎ ಇದ್ದದ್ದು ತುರ್ತು ಬಾಗಿಲಿನ ಪಕ್ಕ. ಬೇರೆ ಮಾದರಿಯ ವಿಮಾನದಲ್ಲಿ ಅದೇ ಅಂಕೆಯ ಸೀಟು ಬೇರೆಲ್ಲೋ ಇರುತ್ತದೆ. ಈಗ ತಾನೇ ಹೇಳಿದ ಹಾಗೆ, ಕೆಲವು 737ಗಳಲ್ಲಿ 11ಎ ಸೀಟಿಗೆ ಬಾಗಿಲಿರಲಿ, ಕಿಟಕಿಯೂ ಇಲ್ಲ. ಯಾವ ಅಪಘಾತದಲ್ಲಿ ವಿಮಾನದ ಯಾವ ಭಾಗಕ್ಕೆ ಪೆಟ್ಟು ಬೀಳುತ್ತದೆ ಎಂಬುದು ಮುಂಚೆ ಗೊತ್ತಿರುವುದಿಲ್ಲ, ಆದ್ದರಿಂದ ಎಲ್ಲ ವಿಮಾನಕ್ಕೂ ಅನ್ವಯಿಸುವ ಸುರಕ್ಷಿತ ಸೀಟು ಎಂಬುದಿಲ್ಲ. ಸೀಟು ಯಾವುದೇ ಇರಲಿ, ಬೆಲ್ಟ್ ಹಾಕಿಕೊಳ್ಳುವುದು, ಕೂತ ತಕ್ಷಣ ತುರ್ತು ಬಾಗಿಲು ಎಷ್ಟು ಸಾಲು ದೂರದಲ್ಲಿದೆ ಎಂದು ಎಣಿಸಿಟ್ಟುಕೊಳ್ಳುವುದು ಉಪಯೋಗಕ್ಕೆ ಬರುವ ಕೆಲಸ. ತುರ್ತು ಬಾಗಿಲಿನ ಸಾಲಿನಲ್ಲಿ ಮಕ್ಕಳನ್ನು, ತೀರಾ ವಯಸ್ಸಾದವರನ್ನು, ಗರ್ಭಿಣಿಯರನ್ನು ಕೂರಿಸುವುದಿಲ್ಲ. ಅಜ್ಜಿಗೆಂದು ಆ ಸೀಟು ಕೊಂಡರೆ ಕೊನೇ ಗಳಿಗೆಯಲ್ಲಿ ಎಬ್ಬಿಸುತ್ತಾರೆ.

ಆರೋಗ್ಯದ ಮಾತು

ಕಿಟಕಿ ಪಕ್ಕ ಕೂತರೆ ಚರ್ಮದ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶವೂ ಇದೆ. ಬಿಸಿಲಿನಲ್ಲಿ ಚರ್ಮ ಸುಡುವ ಯುವಿ-ಬಿ ಕಿರಣಗಳನ್ನು ವಿಮಾನದ ಕಿಟಕಿ ಬಹುತೇಕ ಪೂರ್ತಿ ತಡೆಯುತ್ತದೆ. ಯುವಿ-ಎ ಕಿರಣ ಮಾತ್ರ ಕಿಟಕಿಯ ಬಗೆಯನ್ನು ಅವಲಂಬಿಸಿ ಒಂದಷ್ಟು ಒಳಗೆ ಬರಬಹುದು. ವರ್ಷಕ್ಕೆ ನಾಲ್ಕೈದು ಸಲ ಹಾರುವವರು ಇದಕ್ಕೆ ಹೆದರಬೇಕಾಗಿಲ್ಲ. ಗಂಟೆಗಟ್ಟಲೆ ನೇರ ಬಿಸಿಲು ಬೀಳುತ್ತಿದ್ದರೆ ಶಟರ್ ಎಳೆದುಕೊಳ್ಳಿ.

ಗಮನ ಕೊಡಬೇಕಾದ್ದು ಕಾಲಿನ ಕಡೆಗೆ. ಬೆಂಗಳೂರಿನಿಂದ ಯುರೋಪಿಗೋ ಅಮೆರಿಕಕ್ಕೋ ಹತ್ತು ಹದಿನೈದು ಗಂಟೆ ಹೋಗುವಾಗ ಕಿಟಕಿ ಪಕ್ಕದವರು “ಅವರನ್ನು ಎಬ್ಬಿಸಬೇಕಲ್ಲಾ” ಎಂಬ ಸಂಕೋಚಕ್ಕೆ ಏಳುವುದೇ ಇಲ್ಲ. ಬಹಳ ಹೊತ್ತು ಅಲುಗದೆ ಕೂತರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ, ದೂರ ಪ್ರಯಾಣದಲ್ಲಿ ಈ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಕಿಟಕಿ ಸೀಟನ್ನೂ ಸೇರಿಸಿದೆ. ಕಾರಣ ಕಿಟಕಿಯಲ್ಲ, ಏಳದಿರುವುದು. ಆರೋಗ್ಯವಂತರಿಗೆ ಅಪಾಯ ಕಡಿಮೆಯೇ. ಆದರೆ ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳಿ, ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳುವುದು ಒಳ್ಳೆಯದು. ಹಿಮಾಲಯ ನೋಡುವುದು ಒಂದೂವರೆ ಎರಡು ಗಂಟೆಯ ಪ್ರಯಾಣದಲ್ಲಿ, ಅಲ್ಲಿ ಈ ಚಿಂತೆ ಬೇಡ.

ಫೋನ್ ಎತ್ತುವ ಮುಂಚೆ

ಲೇಹ್, ಶ್ರೀನಗರ, ಬಾಗ್‌ಡೋಗ್ರಾ, ಪುಣೆ, ಗೋವಾದ ದಾಬೋಲಿಂ ಇವೆಲ್ಲ ಸೇನೆಯ ವಾಯುನೆಲೆಗಳು. ಇಲ್ಲಿ ನೆಲದ ಮೇಲಿರುವಾಗ, ಏರುವಾಗ, ಇಳಿಯುವಾಗ ಫೋಟೋ, ವಿಡಿಯೋ ತೆಗೆಯುವಂತಿಲ್ಲ. 2025ರ ಮೇ ತಿಂಗಳಲ್ಲಿ ವಿಮಾನಯಾನ ನಿರ್ದೇಶನಾಲಯ ಪಶ್ಚಿಮ ಗಡಿಯ ಹತ್ತಿರದ ಸೇನಾ ನೆಲೆಗಳಲ್ಲಿ 10,000 ಅಡಿ ದಾಟುವವರೆಗೆ ಕಿಟಕಿಯ ಶಟರ್ ಮುಚ್ಚಿರಬೇಕೆಂದೂ ಆದೇಶಿಸಿತ್ತು. ಆ ದಿನ ಸಿಬ್ಬಂದಿ ಏನು ಹೇಳುತ್ತಾರೋ ಅದೇ ನಿಯಮ. ರೀಲ್ಸ್‌ಗೆಂದು ರನ್‌ವೇ ಶೂಟ್ ಮಾಡಿ ಪೊಲೀಸರ ಮುಂದೆ ನಿಲ್ಲುವುದು ಬೇಡ. ಮೇಲೆ ಹೋದ ಮೇಲೆ ಶಿಖರಗಳು ಎಲ್ಲಿಗೂ ಹೋಗುವುದಿಲ್ಲ.

ಫೋಟೋ ತೆಗೆಯುವಾಗ ಫ್ಲ್ಯಾಷ್ ಆರಿಸಿ, ಫೋನನ್ನು ಗಾಜಿಗೆ ಹತ್ತಿರ ಹಿಡಿಯಿರಿ. ಒತ್ತಿ ಹಿಡಿದರೆ ವಿಮಾನದ ಅದುರುವಿಕೆ ಫೋಟೋಗೂ ಬರುತ್ತದೆ. ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಟ್ಟುಕೊಳ್ಳಿ. ಹೆಚ್ಚಿನ ಫೋನುಗಳಲ್ಲಿ ಏರ್‌ಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನೂ ಕಳಿಸುವುದಿಲ್ಲ. ಕಿಟಕಿಯ ಬಳಿ ಹಿಡಿದರೆ ಕೆಳಗೆ ಹೊಳೆಯುತ್ತಿರುವ ನೀರು ಯಾವ ಊರಿನದು ಎಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ತಪ್ಪು ಬದಿ ಸಿಕ್ಕಿದೆ ಅನ್ನಿ. ಬಾಗಿಲು ಮುಚ್ಚಿದ ಮೇಲೆ ಸರಿಯಾದ ಬದಿಯಲ್ಲಿ ಕಿಟಕಿ ಸೀಟು ಖಾಲಿ ಉಳಿದಿದ್ದರೆ ಗಗನಸಖಿಯನ್ನು ಕೇಳಿ, ಎಷ್ಟೋ ಸಲ ಕೂರಲು ಬಿಡುತ್ತಾರೆ. ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಮಾತ್ರ ತೂಕದ ಹಂಚಿಕೆಯ ಲೆಕ್ಕವಿರುವುದರಿಂದ, ಅವರು “ಈಗ ಬೇಡ, ಮೇಲೆ ಹೋದ ಮೇಲೆ ಹೇಳ್ತೀವಿ” ಎಂದರೆ ಕಾಯಬೇಕು.